ಹಬ್ಬದ ದಿನ ಯಜಮಾನ ಕೂರಬಾರದು

ಸೊಂಬೊರ್
ಜನವರಿ 3

ಪ್ರೀತಿಯ ರೊಸಾಂದಾ ಅಕ್ಕಾ,

ಇಲ್ಲ, ನಾನು ಮಾಡಿದ್ದು ಸಹಾಯ ಅಲ್ಲ. ಫೋನಿನಲ್ಲಿ ನೀನು "ಕೈಲಾಗದವನಿಗೆ ನೆರವಾದೆ, ಅದಕ್ಯಾಕೋ ಇಷ್ಟು ಕೊರಗ್ತೀಯ" ಅಂದದ್ದಕ್ಕೇ ಸಿಟ್ಟು ಬಂದು ಇಟ್ಟುಬಿಟ್ಟೆ. ಆಮೇಲೆ ಎರಡು ವಾರ ಒಂದು ಸಾಲೂ ಬರೆಯಲಿಲ್ಲ. ತಪ್ಪು ನನ್ನದೇ, ಕ್ಷಮಿಸು. ನಿನ್ನ ಮಂಡಿನೋವು ಹೇಗಿದೆ? ಉಣ್ಣೆಯ ಕಾಲುಚೀಲ ಬಂತು, ಹಾಕಿಕೊಂಡೇ ಕೂತಿದ್ದೇನೆ.

ಅಂಗವಿಕಲರ ಮನೆಯಲ್ಲಿ ಜೊತೆಗಿರುವ ಈ ಕೆಲಸಕ್ಕೆ ಸೇರಿದ ದಿನವೇ ನಮ್ಮ ಮೇಲಿನವರು ಹೇಳಿದ್ದರು: ನೀನು ಮಾಡಿಕೊಡಬೇಡ, ಅವರು ಮಾಡುವಾಗ ಪಕ್ಕದಲ್ಲಿರು, ಕೈ ಜೇಬಿನಲ್ಲಿರಲಿ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಬಸ್ಸು ಎರಡು ನಿಮಿಷ ತಡವಾದರೆ ನಡೆದೇ ಹೋಗುವವನು.

ನಾನು ಜೊತೆಗಿರುವ ಮಿಲಾದಿನ್ ಮಾಮನಿಗೆ ಐವತ್ತೊಂದು. ಹುಟ್ಟಿನಿಂದ ಕೈ ನಡುಗುತ್ತದೆ, ಮಾತು ನಿಧಾನ. ಮೂವತ್ತು ವರ್ಷ ಅನಾಥಾಲಯದಂಥ ಆಶ್ರಮದಲ್ಲಿದ್ದು, ಕಳೆದ ವಸಂತದಲ್ಲಿ ಸ್ವಂತ ಕೀಲಿಕೈ ಇರುವ ಒಂದೂವರೆ ಕೋಣೆಯ ಮನೆಗೆ ಬಂದವರು. ಈ ಸಲ ಅವರ ಮನೆತನವನ್ನು ಕಾಯುವ ಸಂತ ನಿಕೊಲಾನ ಹಬ್ಬ ತನ್ನ ಮನೆಯಲ್ಲೂ ಆಗಬೇಕು ಅಂದರು. ಬೇರೆ ಮನೆ ಹೂಡಿದ ಮಗನಿಗೆ ಆ ಹಕ್ಕಿದೆಯಲ್ಲ. ಆದರೆ ಅವರ ಅಣ್ಣ ತಿಹೊಮಿರ್ "ಅವನ ಕೈಲಿ ಹಬ್ಬ ಆಗುತ್ತಾ, ನೋಡೋಣ" ಅಂದಿದ್ದನಂತೆ.

ಬಂದ ಅತಿಥಿಗೆ ಯಜಮಾನನೇ ಬಾಗಿಲಲ್ಲಿ ಸಿಹಿ ಕೊಡಬೇಕಲ್ಲ, ಅದನ್ನು ಎರಡು ತಿಂಗಳು ಅಭ್ಯಾಸ ಮಾಡಿದರು. ಬೇಯಿಸಿದ ಸಿಹಿಗೋಧಿಯ ಬಟ್ಟಲು, ಚಮಚಗಳು, ನೀರಿನ ಲೋಟ, ಎಲ್ಲ ತಟ್ಟೆಯಲ್ಲಿಟ್ಟು ಅಡುಗೆಮನೆಯಿಂದ ಬಾಗಿಲವರೆಗೆ ಹನ್ನೊಂದು ಹೆಜ್ಜೆ. ಹಬ್ಬದ ಮೊದಲ ದಿನ ಪಕ್ಕದ ಮನೆಯ ಸ್ತೊಯಾಂಕಾ ಬಂದಳು, ಹೊಸ್ತಿಲಲ್ಲೇ ನಿಂತು ಕಾದಳು. ಒಂದು ಚಮಚ ಬಿತ್ತು, ಅಷ್ಟೆ. "ನಮ್ಮನೇಲಿ ಎರಡು ಬೀಳುತ್ತೆ" ಅಂದು ಗೋಧಿ ತಿಂದಳು. ಅವಳು ಹೋಗುವ ತನಕ ಮಾಮ ಕೂರಲೇ ಇಲ್ಲ. ಅತಿಥಿ ಇರುವಾಗ ಯಜಮಾನ ಕೂರಬಾರದು ಎಂದು ಅಪ್ಪ ಕಲಿಸಿದ್ದರಂತೆ.

ಎರಡನೆಯ ದಿನ ತಿಹೊಮಿರ್ ಬಂದ. ಒಳಗಿಂದ ತಟ್ಟೆ ಗಲಗಲ ಅನ್ನುತ್ತಿತ್ತು. ಬಾಗಿಲಲ್ಲಿ ಅವನು ಗಡಿಯಾರ ನೋಡಿಕೊಂಡ. ನನಗೆ ನಾಚಿಕೆಯಾಯಿತು ಅಕ್ಕ, ಮಾಮನ ಕೈ ಕಂಡು ನಾಚಿಕೆ. ಓಡಿಹೋಗಿ ತಟ್ಟೆ ಕಿತ್ತುಕೊಂಡೆ. ಕುರ್ಚಿ ಎಳೆದು, ಹೆಗಲು ಒತ್ತಿ ಅವರನ್ನು ಕೂರಿಸಿದೆ. ಏಳು ಹೆಜ್ಜೆ ನಡೆದಿದ್ದರು. ಇನ್ನು ನಾಲ್ಕೇ ಉಳಿದಿತ್ತು.

ಮಕ್ಕಳಿಗೆ ನನ್ನ ಮುತ್ತು. ಸಂತ ನಿಕೊಲಾ ನಿನ್ನ ಮನೆ ಕಾಯಲಿ.

ನಿನ್ನ ತಮ್ಮ,
ವಿದೊಯೆ

ಮತ್ತೆ: ಲಕೋಟೆ ಅಂಟಿಸಲು ಕೈ ಬರಲಿಲ್ಲ. ನಿಜವಾದದ್ದನ್ನು ಬಿಟ್ಟೇ ಬರೆದಿದ್ದೆ. ತಿಹೊಮಿರ್ ಕೂತಿದ್ದ ತಮ್ಮನನ್ನು ನೋಡಿದ, ತಟ್ಟೆ ಹಿಡಿದ ನನ್ನನ್ನು ನೋಡಿದ. ಹಬ್ಬದ ಯಜಮಾನನ ಕೆನ್ನೆಗೆ ಸಲ್ಲಬೇಕಾದ ಮೂರು ಮುತ್ತು ನನಗೆ ಕೊಟ್ಟು, "ಹಬ್ಬ ಒಳ್ಳೇದಾಗ್ಲಿ ಯಜಮಾನ್ರೇ" ಎಂದು ನಕ್ಕ. ನಾನೂ ನಕ್ಕೆ. "ಬನ್ನಿ, ಒಳಗೆ ಬನ್ನಿ" ಎಂದೆ. ಹಿತವಾಗಿಯೂ ಇತ್ತು ಅಕ್ಕ. ನನ್ನನ್ನು ಯಾರೂ ಯಾವತ್ತೂ ಹಾಗೆ ಕರೆದಿರಲಿಲ್ಲ.

ಇದನ್ನೆಲ್ಲ ಇವತ್ತು ಮಾಮನಿಗೆ ಹೇಳಿಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದರು. "ಅಲ್ಲೇ ಕೂತಿದ್ನಲ್ಲ, ಕೇಳಿಸ್ತು" ಅಂದರು. ನಿಮ್ಮ ಅಣ್ಣನಿಗೆ ಈಗಲೇ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳುತ್ತೇನೆ ಎಂದು ಫೋನ್ ತೆಗೆದೆ. ಅವರು ಚಾಕು ಕೆಳಗಿಟ್ಟರು. ಮಾತು ಬರಲು ಹೊತ್ತಾಯಿತು, ಈ ಸಲ ಕಾದೆ.

"ಅದನ್ನೂ ನೀನೇ ಮಾಡ್ಬೇಡ. ನನ್ನಣ್ಣ ಅವನು, ನಾನ್ ಮಾತಾಡ್ತೀನಿ. ನೀನು ಹೊರಗೆ ಹೋಗು."

ಅವರ ಬೆರಳು ತಮ್ಮ ಫೋನಿನ ಮೇಲೆ ಅಂಕಿ ಹುಡುಕತೊಡಗಿತು. ತಪ್ಪಿತು. ಅಳಿಸಿ ಮೊದಲಿಂದ ಶುರು ಮಾಡಿದರು, ಮತ್ತೆ ತಪ್ಪಿತು. ನಾನು ಕೋಟು ಎತ್ತಿಕೊಂಡು ಹೊರಗೆ ಬಂದೆ, ಬಾಗಿಲು ಹಾಕಿದೆ.