ಅಪ್ಪನ ಕೆಂಪು ಶಾಯಿ

ಚಾಮರಾಜಪೇಟೆ, ಬೆಂಗಳೂರು
14-9-1982

ಪ್ರೀತಿಯ ಬೈರಣ್ಣನಿಗೆ ನಿನ್ನ ತಂಗಿ ಶಕ್ಕು ಮಾಡುವ ನಮಸ್ಕಾರಗಳು.

ಹೇಗಿದ್ದೀಯ? ಅತ್ತಿಗೆ ಹೇಗಿದ್ದಾರೆ? ಭುಸಾವಳದ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ಮಗುವಿಗೆ ಈಗ ಮೂರು ತುಂಬಿರಬೇಕು. ಹೆಸರೇನಿಟ್ಟಿರಿ ಎಂಬುದೂ ನಮಗೆ ಗೊತ್ತಿಲ್ಲ. ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಮಗಳು ಹುಟ್ಟಿದ ಸಂತೋಷದಲ್ಲಿ ನೀನು ಬರೆದ ಕಾಗದವನ್ನು ಅಪ್ಪ ಪ್ರೂಫ್ ತಿದ್ದುವ ಹಾಗೆ ತಿದ್ದಿ, ಹನ್ನೊಂದು ತಪ್ಪಿಗೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ತಮ್ಮದೊಂದು ಮಾತೂ ಸೇರಿಸದೆ ವಾಪಸ್ ಕಳಿಸಿಬಿಟ್ಟರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕಣ್ಣು ಸವೆಸಿದ ಮನುಷ್ಯನಿಗೆ ಮುದ್ದು ಮಾಡುವುದೂ ಹಾಗೆಯೇ ಬರುತ್ತದೆ ಎಂದು ನಾನು ಆಗಲೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ನನ್ನ ಕಾಗದದಲ್ಲೂ ತಪ್ಪು ಹುಡುಕಿಯಾರು ಎಂಬ ಭಯ. ಈಗ ಆ ಭಯವಿಲ್ಲ, ಬೇರೆಯದು ಶುರುವಾಗಿದೆ.

ನಿವೃತ್ತರಾದ ಮೇಲೂ ಪ್ರೆಸ್ಸಿನ ಮಾಲೀಕ ಅಪ್ಪಯ್ಯನವರು ಅಪ್ಪನಿಗೆ ಪ್ರೂಫನ್ನು ಮನೆಗೇ ಕಳಿಸುತ್ತಾರೆ. ಹಿಂದೆ ಅವರ ಪಕ್ಕದಲ್ಲಿ ಕೂತು ಮೂಲ ಓದುತ್ತಿದ್ದವನು ನೀನು, ಈಗ ನಾನು. ಕೈಬರಹದ ಹಾಳೆ ಹಿಡಿದು ‘ಕಾಮಾ, ಪೂರ್ಣವಿರಾಮ, ಹೊಸ ಪ್ಯಾರಾ’ ಎಂದು ಎಲ್ಲವನ್ನೂ ಗಟ್ಟಿಯಾಗಿ ಒದರುತ್ತೇನೆ, ಅವರು ಅಚ್ಚಿನ ಹಾಳೆ ನೋಡುತ್ತಾ ತಿದ್ದುತ್ತಾರೆ. ಎದುರುಮನೆಯ ಪಿಳ್ಳಮ್ಮ ‘ಇದ್ಯಾವ ದೇವ್ರ ಮಂತ್ರ ಶಕ್ಕು?’ ಎಂದು ಒಮ್ಮೆ ಕೇಳಿದ್ದರು. ಈ ಸಲ ಬಂದಿರುವುದು ಒಂದು ಜಪಾನಿ ಕಾದಂಬರಿ. ಬದರೀನಾರಾಯಣ ಎಂಬ ಕಾಲೇಜು ಮೇಷ್ಟ್ರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದಾರೆ. ಕಥೆ ವಿಚಿತ್ರವಾಗಿದೆ. ಕೆಂಜಿ ಎಂಬುವನು ಒಂದು ಮಧ್ಯಾಹ್ನ ಛತ್ರಿ ರಿಪೇರಿಗೆಂದು ಹೋದವನು ಮನೆಗೆ ಬರುವುದೇ ಇಲ್ಲ. ಆದರೂ ಅವನ ಚಪ್ಪಲಿಗೆ ದಿನವೂ ಹೊಸ ಮಣ್ಣು ಮೆತ್ತಿರುತ್ತದೆ, ಅವನ ಲೋಟ ಬಿಸಿಯಾಗಿರುತ್ತದೆ. ಮನೆಯಲ್ಲೇ ಇರುವ ತಂಗಿ ಹಾರುಕೋಳ ವಸ್ತುಗಳು ಮಾತ್ರ ಒಂದೊಂದಾಗಿ ಮಾಯವಾಗುತ್ತವೆ. ಮೊದಲು ಬಾಚಣಿಗೆ, ಆಮೇಲೆ ಹಾಸಿಗೆ, ಆಮೇಲೆ ಗೋಡೆಯ ಫೋಟೋದಲ್ಲಿದ್ದ ಅವಳ ಮುಖ. ಇಷ್ಟಾದರೂ ಆ ಪುಸ್ತಕದಲ್ಲಿ ಯಾರೊಬ್ಬರೂ ಹೆದರುವುದಿಲ್ಲ. ಬಡಿಸಿಕೊಂಡು ಉಣ್ಣುತ್ತಾರೆ. ನನಗೆ ಅದೇ ಹೆದರಿಕೆ. ಮೊನ್ನೆ ನನ್ನ ಬಾಚಣಿಗೆ ಕಾಣದೆ ಅರ್ಧ ಗಂಟೆ ಹುಡುಕಿದೆ, ನಗಬೇಡ. ದಿಂಬಿನ ಕೆಳಗೇ ಇತ್ತು.

ಹೋದ ವಾರ ತಿದ್ದಿದ ಪ್ರೂಫನ್ನು ಕಟ್ಟಿಡುವ ಮುಂಚೆ ಸುಮ್ಮನೆ ತಿರುವಿ ನೋಡಿದೆ. ಕೆಂಜಿ ಎಂದಿದ್ದ ಕಡೆಯೆಲ್ಲ ಅಪ್ಪ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಬೈರಯ್ಯ’ ಎಂದು ನಿನ್ನ ಹೆಸರು ಬರೆದಿದ್ದಾರೆ. ಒಂದು ಕಡೆ ‘ಬರಲಿಲ್ಲ’ ಎಂದಿದ್ದುದು ‘ಬಂದ’ ಆಗಿದೆ. ಕಾಗುಣಿತ ಎಲ್ಲೂ ತಪ್ಪಿಲ್ಲ. ನಿನಗೆ ವಾಪಸ್ ಕಳಿಸಿದ ಆ ಕಾಗದವನ್ನು ನೆನೆದು ಅವರ ಬಗ್ಗೆ ಅಯ್ಯೋ ಅನ್ನಿಸಿ ಅತ್ತೆ. ಆಮೇಲೆ ಹಾರುಕೋ ಕಣ್ಣಿಗೆ ಬಿದ್ದಳು. ಅವಳ ಹೆಸರು ಬಂದಲ್ಲೆಲ್ಲ ಕೆಂಪು ಗೀಟು, ಪಕ್ಕದಲ್ಲಿ ತೆಗೆದುಹಾಕು ಎನ್ನುವ ಸುರುಳಿ ಗುರುತು. ಬದಲಿಗೆ ಬೇರೆ ಹೆಸರಿಲ್ಲ. ಹೊಡೆದ ಪದ ಹಾಗೇ ಇರಲಿ ಎನ್ನುವುದಕ್ಕೆ ಕೆಳಗೆ ಚುಕ್ಕಿ ಇಡಬೇಕೆಂದು ನಮಗಿಬ್ಬರಿಗೂ ಕಲಿಸಿದವರು ಅಪ್ಪನೇ. ಅವರು ಪಾರ್ಕಿಗೆ ಹೋದಾಗ ನಾನು ಕೂತು ಅವಳ ಹೆಸರಿನ ಕೆಳಗೆಲ್ಲ ಚುಕ್ಕಿ ಇಟ್ಟೆ. ಅಪ್ಪನನ್ನು ಡಾಕ್ಟರಿಗೆ ತೋರಿಸಿದೆ, ವಯಸ್ಸಾಯಿತಲ್ಲ ಎನ್ನುತ್ತಾರೆ. ಪ್ರೆಸ್ಸಿನ ಅಪ್ಪಯ್ಯನವರಿಗೆ ಇನ್ನೂ ಏನೂ ಹೇಳಿಲ್ಲ. ದಸರೆಗೆ ರಜ ಸಿಕ್ಕರೆ ಒಂದು ಸಲ ಬಂದು ಹೋಗು, ಬಲವಂತವಿಲ್ಲ.

ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ಇನ್ನೂ ನೋಡದ ಅತ್ತೆಯ ಹೆಸರಿನಲ್ಲಿ ಮಗುವಿನ ಕೆನ್ನೆಗೊಂದು ಮುತ್ತು ಕೊಡು.

ಇತಿ ನಿನ್ನ ತಂಗಿ,
ಶಕುಂತಲ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಪ್ಪ ಓದಲು ಕರೆದರು. ಎರಡು ಪುಟ ಮುಗಿದ ಮೇಲೆ ಕನ್ನಡಕ ತೆಗೆದು, ‘ಚೆನ್ನಾಗಿ ಓದ್ತೀರಮ್ಮ ನೀವು. ಯಾರ ಮನೆಯೋರು?’ ಎಂದರು. ನನ್ನನ್ನು ‘ನೀವು’ ಎಂದರು, ಅಣ್ಣ. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ‘ನನಗೆ ಒಬ್ನೇ ಮಗ, ಭುಸಾವಳದಲ್ಲಿ ರೈಲ್ವೇಲಿದಾನೆ. ಹಬ್ಬಕ್ಕೆ ಬರ್ತಾನೆ’ ಎಂದರು. ನಾನು ಶಕ್ಕು ಅಪ್ಪ, ನಿಮ್ಮ ಮಗಳು ಎಂದೆ. ಪಾಪ, ಎದ್ದು ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು. ದಸರೆಯವರೆಗೆ ಕಾಯಬೇಡ, ಈಗಲೇ ಹೊರಡು. ನೀನು ಹೇಳಿದರೆ ನಂಬುತ್ತಾರೆ. ಬಂದು ನಾನು ಯಾರೆಂದು ಅವರಿಗೆ ಹೇಳು.