ಬೆನ್ನಿಗೆ ಬೆನ್ನು ಕೊಟ್ಟು ಊಟ

ಬುಸಾನ್, ಯೊಂಗ್‌ದೊ
೨೦೨೩ ಅಕ್ಟೋಬರ್ ೧೭

ಮಗನೇ ತೇಸಿಕ್,

ಸೊಂಟ ನೋವು ಈಗ ಹೇಗಿದೆ? ಆ ಹಡಗಿನ ಮಂಜುಗಡ್ಡೆ ಕೋಣೆಯಲ್ಲಿ ಮೀನು ಎತ್ತಿ ಎತ್ತಿ ನಿಮ್ಮಪ್ಪನ ಹಾಗೆ ಐವತ್ತಕ್ಕೇ ಬಗ್ಗಿಹೋಗಬೇಡ, ಪಟ್ಟಿ ಬಿಗಿದುಕೊಂಡೇ ಕೆಲಸಕ್ಕೆ ಇಳಿ. ನಾನು ಚೆನ್ನಾಗಿದ್ದೇನೆ. ನೂಡಲ್ಸ್ ಅಂಗಡಿ ನಡೆಯುತ್ತಿದೆ. ಚುಸೊಕ್ ಹಬ್ಬಕ್ಕೆ ಹಿರಿಯರಿಗೆ ಎಡೆ ಇಟ್ಟೆವು, ನಿನ್ನ ಜಾಗದಲ್ಲಿ ನಿನ್ನ ಹೆಂಡತಿಯೇ ನಿಂತು ಮದ್ಯ ಸುರಿದಳು. ಅದು ಗಂಡಸರ ಕೆಲಸ ಅಂತ ನಿನ್ನ ಚಿಕ್ಕಪ್ಪ ಮುಖ ಸಿಂಡರಿಸಿದ, ಆದರೆ ಊಟಕ್ಕೆ ಏನೂ ಕಡಿಮೆ ಮಾಡಲಿಲ್ಲ.

ಹಡಗಿನ ಫೋನಿನಲ್ಲಿ ನಿನ್ನ ಜೊತೆಯವರೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ, ಮಾತೂ ಅರ್ಧಕ್ಕೆ ಕಡಿಯುತ್ತದೆ. ಅದಕ್ಕೇ ಕಂಪನಿಯವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಮಗಳು ಸೋಲ್ ವಿಷಯ. ಕುಳಿತುಕೊಂಡು ಓದು.

ಅವಳು ಮಿಡಲ್ ಸ್ಕೂಲ್ ಸೇರಿದ ವರ್ಷವೇ ಕೊರೊನಾ ಬಂದದ್ದು ನಿನಗೆ ನೆನಪಿದೆ. ಶಾಲೆಯ ಮೊದಲ ದಿನ ಯೂನಿಫಾರಂ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಳು. ಆಮೇಲೆ ಹೋದಳು, ಆದರೆ ಊಟದ ಮೇಜಿಗೂ ಪ್ಲಾಸ್ಟಿಕ್ ಅಡ್ಡ, ಪಕ್ಕದವಳ ಹತ್ತಿರ ಮಾತಾಡಿದರೆ ಬೈಗುಳ. ಮಕ್ಕಳು ಒಬ್ಬರನ್ನೊಬ್ಬರು ಬರೀ ಕಣ್ಣಿನಲ್ಲೇ ಗುರುತು ಹಿಡಿದು ದೊಡ್ಡವರಾದರು. ಈ ವಸಂತದಲ್ಲಿ ಹೈಸ್ಕೂಲಿಗೆ ಕಾಲಿಟ್ಟಳು, ಮಾಸ್ಕ್ ಬೇಕಿಲ್ಲ ಅಂತ ಆಯಿತು. ಎಲ್ಲ ಮಕ್ಕಳಂತೆ ಇವಳೂ ತೆಗೆದಳು. ಹಳೆಯ ಶಾಲೆಯ ಗೆಳತಿಯೊಬ್ಬಳು ನಗುತ್ತಾ, "ಅಯ್ಯೋ, ನಿನ್ನ ಬಾಯಿ ಹೀಗಿದ್ಯಾ? ಮೂರು ವರ್ಷ ನಮಗೆ ಮೋಸ ಮಾಡಿದ್ಯಲ್ಲೇ" ಅಂದಳಂತೆ. ಆ ಹುಡುಗಿಗೆ ಅದು ತಮಾಷೆ, ಆಡಿ ಮರೆತಿರುತ್ತಾಳೆ. ನಮ್ಮವಳು ಮಾಸ್ಕ್ ಮತ್ತೆ ಹಾಕಿಕೊಂಡಳು, ತೆಗೆಯಲೇ ಇಲ್ಲ. ಶಾಲೆಯಲ್ಲಿ ಊಟ ಬಿಟ್ಟಳು, ಆಮೇಲೆ ಶಾಲೆಯನ್ನೇ ಬಿಟ್ಟಳು. ಮನೆಯಲ್ಲೂ ನಮ್ಮೆದುರು ಮಾಸ್ಕ್. ಕೋಣೆಯ ಬಾಗಿಲು ಹಾಕಿಕೊಂಡರೆ ತೆಗೆಯುತ್ತಲೇ ಇರಲಿಲ್ಲ. ಟೀಚರ್ ಬಂದರು, ನಿನ್ನ ಹೆಂಡತಿ ಬಾಗಿಲ ಹೊರಗೆ ಕೂತು ಅತ್ತಳು, ಗದರಿದಳು, ಹೊಸ ಫೋನ್ ಕೊಡಿಸುತ್ತೇನೆ ಅಂದಳು. ಬೆಳಗಾಗುವ ಮುಂಚೆ ಮೀನು ಹರಾಜಿಗೆ ಹೋಗಿ ದುಡಿದು ಬರುವ ಹೆಂಗಸು, ಬಂದ ಮೇಲೂ ಅವಳಿಗೆ ನಿದ್ದೆ ಇರಲಿಲ್ಲ. ಅವಳನ್ನು ಏನೂ ಅನ್ನಬೇಡ.

ಜುಲೈನಲ್ಲಿ ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋದ ಮೇಲೆ ಅಂಗಡಿ ಬಾಗಿಲು ಎಳೆದಿದ್ದೆ. ಸೋಲ್ ಮೇಲಿನ ಮನೆಯಿಂದ ತಾನೇ ಕೆಳಗಿಳಿದು ಬಂದು ಗೋಡೆ ಕಡೆ ಮುಖ ಮಾಡಿ ಕೂತಳು. ನಾನು ಏನೂ ಕೇಳದೆ ಕಪ್ಪೆಚಿಪ್ಪಿನ ಸಾರಿನಲ್ಲಿ ನೂಡಲ್ಸ್ ಹಾಕಿ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. "ಅಜ್ಜಿ, ನೀನು ನೋಡ್ತಿದೀಯ" ಅಂದಳು. ಸರಿ ಅಂತ ನನ್ನ ಬಟ್ಟಲು ತಂದು, ಅವಳ ಬೆನ್ನಿಗೆ ಬೆನ್ನು ಕೊಟ್ಟು ಬೀದಿ ಕಡೆ ತಿರುಗಿ ಕೂತೆ. ಸ್ವಲ್ಪ ಹೊತ್ತಿಗೆ ಸಾರು ಹೀರುವ ಸದ್ದು ಕೇಳಿಸಿತು. ಹಾಗೇ ದಿನಾ ಬರತೊಡಗಿದಳು. ಒಂದು ದಿನ ತಿನ್ನುತ್ತಾ ತಿನ್ನುತ್ತಾ ಒಂದು ಮಾತು ಹೇಳಿದಳು. ನಾನು ಹಿಂದಕ್ಕೆ ತಿರುಗದೆ ಕೈ ಚಾಚಿ ಅವಳ ಕೈ ಹಿಡಿದುಕೊಂಡೆ.

ಅವತ್ತೇ ಸಂಜೆ ನಿನ್ನ ಹೆಂಡತಿಗೆ, ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಅಂದೆ. "ಅತ್ತೆ, ಹೆಸರು ದಾಖಲೆಗೆ ಹೋದ್ರೆ ನಾಳೆ ಇವಳಿಗೆ ಯಾರು ಕೆಲಸ ಕೊಡ್ತಾರೆ?" ಅಂತ ಹೆದರಿದಳು. "ಮೊದಲು ಹುಡುಗಿ ಇರಲಿ ಕಣೇ, ಕೆಲಸ ಆಮೇಲೆ" ಅಂದೆ. ಆಸ್ಪತ್ರೆಯಲ್ಲಿ ನೋಡಿದರೆ ಬೆಂಚಿನ ತುಂಬ ಯೂನಿಫಾರಂ ಹಾಕಿದ ಮಕ್ಕಳು. ಸೋಲ್ ಅವರನ್ನೆಲ್ಲ ನೋಡಿ ನನ್ನ ಕಿವಿಯಲ್ಲಿ, "ನಾನೊಬ್ಬಳೇ ಅಂದ್ಕೊಂಡಿದ್ದೆ" ಅಂದಳು. ಇದು ಸೋಮಾರಿತನ ಅಲ್ಲ, ಕಾಯಿಲೆ, ನಿಧಾನಕ್ಕೆ ವಾಸಿಯಾಗುತ್ತದೆ ಅಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಮಾತಿಗೆ ಕರೆಯುತ್ತಾರೆ.

ಈಗ ಬೆಳಗಿನ ತರಗತಿಗಳಿಗೆ ಹೋಗಿಬರುತ್ತಾಳೆ. ಬೀದಿಯಲ್ಲಿ ಇನ್ನೂ ಮಾಸ್ಕ್ ಇದೆ, ಇರಲಿ ಬಿಡು. ಮನೆಯಲ್ಲಿ ತೆಗೆದಿದ್ದಾಳೆ. ಮೊನ್ನೆ ಸಾರಿಗೆ ಉಪ್ಪು ಕಮ್ಮಿ ಅಂತ ನನ್ನ ಮೇಲೆ ಜಗಳಕ್ಕೇ ಬಂದಳು. ನಾನು ಉಪ್ಪಿನ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಸಮುದ್ರ ನಿನ್ನ ಮೇಲೆ ಕರುಣೆ ಇಡಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲು ಬೆಚ್ಚಗಿಟ್ಟುಕೋ.

ನಿನ್ನ ಅಮ್ಮ

ತಾ.ಕ.: ಅವಳು ಹೇಳಿದ ಮಾತನ್ನು ಬರೆಯದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ. ಸೋಲ್ ಈ ಕಾಗದ ಓದಿ, "ಅಪ್ಪಂಗೆ ಅದನ್ನೂ ಬರಿ ಅಜ್ಜಿ" ಅಂದಳು. ಬದುಕಿರೋದೇ ಬೇಡ ಅನ್ನಿಸುತ್ತದೆ ಅಂದಿದ್ದಳು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ ಅಂತ ಅವಳೇ ಹೇಳುತ್ತಾಳೆ. ಹಡಗು ಲಾಸ್ ಪಾಲ್ಮಾಸ್ ಬಂದರಿಗೆ ಬಂದಾಗ ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಡ, ಇಳಿದು ಮನೆಗೆ ಬಾ. ಇದನ್ನು ಕೇಳುತ್ತಿರುವುದು ನಾನಲ್ಲ, ಅವಳು.