ಹಿಟ್ಟು ಮೆತ್ತಿದ ಪಾರ್ಸೆಲ್

ಪುಣೆ, ಜುಲೈ 2003

ಅಕ್ಕನಿಗೆ ಮಲ್ಕಣ್ಣನ ಶರಣು.

ಇಲ್ಲಿಯ ಪೇಠೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬಾಗಿಲು ತೆರೆಯುವುದಿಲ್ಲ. ಬೆಲ್ ಒತ್ತಬೇಡಿ ಎಂದು ಬೋರ್ಡೇ ಹಾಕಿರುತ್ತಾರೆ. ನಾನೂ ನನ್ನ ಖೋಲಿಯ ಜೊತೆಗಾರ ಹುಸೇನಪ್ಪನೂ ಅದೇ ಕೊರಿಯರ್ ಪಾರ್ಸೆಲ್ಲುಗಳನ್ನು ಹೇರಿಕೊಂಡು ಅದೇ ಓಣಿಗಳಿಗೆ ದಿನಕ್ಕೆ ಮೂರು ಸಲ ಗಾಡಿ ಓಡಿಸುತ್ತಿದ್ದೆವು. ಪೆಟ್ರೋಲು ಸುಟ್ಟಿದ್ದೇ ಸುಟ್ಟಿದ್ದು, ಹೊಗೆ ಕುಡಿದಿದ್ದೇ ಕುಡಿದಿದ್ದು.

ತಲೆಕೆಟ್ಟು ಒಂದು ದಿನ ಎಲ್ಲವನ್ನೂ ಹಿಟ್ಟಿನ ಗಿರಣಿಯಲ್ಲಿ ಇಟ್ಟುಬಂದೆ. ಗಿರಣಿಗೆ ಬರದ ಮನೆ ಯಾವುದಿದೆ ಹೇಳು? ಈಗ ಹಿಟ್ಟಿನ ಡಬ್ಬಿಯ ಜೊತೆ ಪಾರ್ಸೆಲ್ಲನ್ನೂ ಮನೆಯವರೇ ಒಯ್ಯುತ್ತಾರೆ. ನಿನ್ನೆ ಒಬ್ಬ ಅಜ್ಜಿಯ ಸೀರೆ ಪೆಟ್ಟಿಗೆ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು. ಬೈಯುತ್ತಾಳೆ ಅಂದುಕೊಂಡರೆ ಉಫ್ ಎಂದು ನನ್ನ ಮುಖಕ್ಕೇ ಊದಿ ನಕ್ಕಳು.

ಕೆಮ್ಮು ನಿಂತಿದೆ, ಕಷಾಯದ ಪುಡಿ ಕಳಿಸಬೇಡ. ಆದರೆ ಈಗ ಒಂದು ಗಂಟೆಗೇ ಕೆಲಸ ಮುಗಿದು ಊರೆಲ್ಲ ಮಲಗಿದರೆ ನನಗೆ ಕೂತಲ್ಲಿ ಕೂರಲಾಗದು. ಗಿರಣಿಯಿಂದ ಸೇತುವೆಗೆ, ಸೇತುವೆಯಿಂದ ಗಿರಣಿಗೆ ಸುಮ್ಮನೆ ಅಲೆಯುತ್ತೇನೆ.

ಇವತ್ತು ಕೊರಿಯರ್ ಆಫೀಸಿನ ಮಾಲೀಕರು ನನ್ನೊಬ್ಬನನ್ನೇ ಒಳಗೆ ಕರೆದು, “ಶಾಬಾಸ್! ಮಗ ದೋನ್ ಗಾಡ್ಯಾ ಕಶಾಲಾ?” ಎಂದರು. ಹಾಗಾದರೆ ಎರಡು ಗಾಡಿ ಯಾಕೆ ಎಂದು. ಬರುವ ತಿಂಗಳಿಂದ ನಾನೊಬ್ಬನೇ ಸಾಕಂತೆ.

ಹುಸೇನಪ್ಪನಿಗೆ ಇನ್ನೂ ಗೊತ್ತಿಲ್ಲ. ಚಹಾ ತಂದಿಟ್ಟು ಪಕ್ಕದಲ್ಲೇ ಕೂತಿದ್ದಾನೆ. “ಮಲ್ಕಣ್ಣಾ, ಎರಡ ಸಾಲಿನ ಜಾಗಾ ಬಿಡೋ. ನಿನ್ನ ತಲಿ ಎಷ್ಟ ಚುರುಕ ಅದ ಅಂತ ಅಕ್ಕಾಗ ನಾನೇ ಬರೀತೀನಿ,” ಎನ್ನುತ್ತಿದ್ದಾನೆ. ಅಂಗೈ ಅಡ್ಡ ಹಿಡಿದು ಕಾರ್ಡಿನ ಅಂಚಿನವರೆಗೂ ಬರೆಯುತ್ತಿದ್ದೇನೆ, ಎಲ್ಲೂ ಜಾಗ ಉಳಿಯದ ಹಾಗೆ.